ಸೀಮೆಎಣ್ಣೆ ಕಲಿಸಿದ ಕೈಗೆ ಪೆಟ್ರೋಲ್ ಬಂದಾಗ

ಕಳೆ ಹೊಡೆಯೋ ಮೆಷಿನ್‌ಗೆ ಪೆಟ್ರೋಲ್ ತರೋಕೆ ಹೋದ್ರೆ ಬಂಕ್‌ನವರು ನೀರಿನ ಬಾಟಲಿಗೆ ಹಾಕಲ್ಲ ಅಂತಾರೆ, ಒಂದು ಲೀಟರ್‌ಗೆ ಮೆಷಿನ್ನೇ ಹೊತ್ಕೊಂಡು ಹೋಗೋಕಾಗುತ್ತಾ, ಇದ್ರ ಬಗ್ಗೆ ಬರೀರಿ ಅಂತ ಮೂರ್ನಾಲ್ಕು ಜನ ಹೇಳಿದ್ರು. ಬರೀತೀನಿ. ಆದ್ರೆ ಬಂಕ್‌ನವರನ್ನ ಬೈಯೋಕಲ್ಲ. ಈ ಬಾಟಲಿ ಜಗಳದ ಹಿಂದೆ ನೂರೈವತ್ತು ವರ್ಷದ ಕಥೆ ಇದೆ, ಅದು ನಮ್ಮ ತಾತನ ಸೀಮೆಎಣ್ಣೆ ಡಬ್ಬದಿಂದ ಶುರುವಾಗಿ ಈಗ ನಮ್ಮ ಜಮೀನಿನ ತಗಡಿನ ಶೆಡ್ಡಿಗೆ ಬಂದು ನಿಂತಿದೆ. ಸ್ವಲ್ಪ ಉದ್ದ ಆಗುತ್ತೆ, ಬಿಡುವಾದಾಗ ಓದಿ.

ನಮ್ಮ ಕೆಂಗೇರಿ ಹೋಬಳಿ ಹಳ್ಳಿಗಳಲ್ಲಿ ಮೊದಲು ಇದ್ದದ್ದು ಹರಳೆಣ್ಣೆ, ಹೊಂಗೆಎಣ್ಣೆ ದೀಪ. ಆಮೇಲೆ ಬಂತು ಸೀಮೆಎಣ್ಣೆ. ಸೀಮೆಹಸು, ಸೀಮೆಸುಣ್ಣ ಅಂದ ಹಾಗೆ, ಹೊರಗಿನ ಸೀಮೆಯಿಂದ ಬಂದದ್ದು ಅಂತ ಆ ಹೆಸರು. ಅಮೆರಿಕದಿಂದ, ಆಗ ರಷ್ಯಾದ ಕೈಲಿದ್ದ ಬಾಕುವಿನಿಂದ, ಆಮೇಲೆ ಬರ್ಮಾದಿಂದ ಹಡಗಲ್ಲಿ ಬರ್ತಿತ್ತು. ಚೌಕಾಕಾರದ ತಗಡಿನ ಡಬ್ಬ, ಒಂದೊಂದರಲ್ಲಿ 4 ಗ್ಯಾಲನ್, ಅಂದ್ರೆ 18 ಲೀಟರ್. ಎಣ್ಣೆ ಮುಗಿದ ಮೇಲೆ ಆ ಡಬ್ಬಕ್ಕೆ ಬಿಡುವೇ ಇರ್ಲಿಲ್ಲ. ಮೇಲ್ಭಾಗ ಕತ್ತರಿಸಿ ಅಡ್ಡಕ್ಕೆ ಒಂದು ಕಟ್ಟಿಗೆ ಹೊಡೆದ್ರೆ ನೀರು ಸೇದೋ ಬಕೆಟ್. ಬಿಚ್ಚಿ ಹರಡಿದ್ರೆ ಕೋಳಿಗೂಡಿನ ಬಾಗಿಲು. ನಮ್ಮನೇಲಿ ಹುಳ್ಳಿ ಕಾಳು ತುಂಬಿಡ್ತಿದ್ದ ಡಬ್ಬದ ಮೇಲೆ ಬರ್ಮಾ ಷೆಲ್ ಅಂತ ಉಬ್ಬಕ್ಷರ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಆ ಕಂಪನಿ 1976ರಲ್ಲಿ ಸರ್ಕಾರದ್ದಾಗಿ ಭಾರತ್ ಪೆಟ್ರೋಲಿಯಂ ಆದ್ಮೇಲೂ ಡಬ್ಬ ಮಾತ್ರ ಹಳೇ ಹೆಸರಲ್ಲೇ ಅಟ್ಟದ ಮೇಲಿತ್ತು.

ಬೆಂಗಳೂರು ಪೇಟೆಯ ಬೀದೀಲೂ ಸೀಮೆಎಣ್ಣೆ ದೀಪವೇ ಉರೀತಿತ್ತು. ಶಿವನಸಮುದ್ರದ ಕರೆಂಟಿನಿಂದ 1905ರ ಆಗಸ್ಟ್ 5ರಂದು ಅಲ್ಲಿ ಬೀದಿ ದೀಪ ಹತ್ತಿದವು. ಪೇಟೆಯಿಂದ ಮೈಸೂರು ರಸ್ತೇಲಿ ಹತ್ತು ಮೈಲಿ ಬಂದ್ರೆ ಕೆಂಗೇರಿ. ಆ ಹತ್ತು ಮೈಲಿ ದಾಟಿ ನಮ್ಮಂಥ ಹಳ್ಳಿಗಳ ಮನೆಮನೆಗೆ ಕರೆಂಟು ಬರೋಕೆ ಅರವತ್ತು ಎಪ್ಪತ್ತು ವರ್ಷ ಹಿಡೀತು. ಬಂದ ಮೇಲೂ ಸಂಜೆ ಹೊತ್ತು ಇರ್ತಿರ್ಲಿಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾಗಿದ್ದು ಬುಡ್ಡಿ ಬೆಳಕಲ್ಲೇ. ತಿಂಗಳಿಗೊಮ್ಮೆ ಡಿಪೋದಲ್ಲಿ ಕಾರ್ಡು, ಡಬ್ಬ ಹಿಡ್ಕೊಂಡು ಕ್ಯೂ. ಕಾಳಸಂತೆಗೆ ಹೋಗಿ ಪೆಟ್ರೋಲ್ ಡೀಸೆಲ್‌ಗೆ ಬೆರೀಬಾರದು ಅಂತ ರೇಷನ್ ಎಣ್ಣೆಗೆ ನೀಲಿ ಬಣ್ಣ ಹಾಕಿ ಕೊಡೋಕೆ ಶುರು ಮಾಡಿದ್ದು ಆಮೇಲೆ.

ಈಗ ಆ ಕಾಲದ ಮನೆಗಳಲ್ಲಿ ಸೀಮೆಎಣ್ಣೆ ಜೊತೆ ಹೇಗೆ ಬಾಳ್ತಿದ್ರು ನೆನಪು ಮಾಡ್ಕೊಳ್ಳಿ. ಉರೀತಿರೋ ಬುಡ್ಡಿಯ ಬಿರಡೆ ಎತ್ತಿ ಅಲ್ಲೇ ಎಣ್ಣೆ ಸುರೀತಿದ್ರು. ಹಸಿ ಸೌದೆ ಹತ್ತದಿದ್ರೆ ಒಲೆಗೇ ಒಂದು ಸೌಟು ಚೆಲ್ತಿದ್ರು. ಡಬ್ಬ ಇರ್ತಿದ್ದದ್ದು ಒಲೆಗೆ ನಾಲ್ಕು ಮೊಳ ದೂರದ ಮೂಲೇಲಿ. ಕೈಗೆ ಮೆತ್ತಿದ್ದನ್ನ ಸೆರಗಿಗೆ ಒರೆಸ್ಕೊಂಡು ರೊಟ್ಟಿ ತಟ್ಟೋರು. ಪೈಪು ಬಾಯಲ್ಲಿ ಎಳೆದು ಒಂದು ಡಬ್ಬದಿಂದ ಇನ್ನೊಂದಕ್ಕೆ ಬಿಡೋರು. ಇಷ್ಟೆಲ್ಲ ಮಾಡಿದ್ರೂ ನೂರರಲ್ಲಿ ತೊಂಬತ್ತೊಂಬತ್ತು ಸಲ ಏನೂ ಆಗ್ತಿರ್ಲಿಲ್ಲ. ಸೀಮೆಎಣ್ಣೆ ನಮ್ಮ ತಪ್ಪನ್ನ ಸಹಿಸ್ಕೊಳ್ತಿತ್ತು. ತಣ್ಣಗಿರೋ ಸೀಮೆಎಣ್ಣೆ ಬಟ್ಟಲಿಗೆ ಕಡ್ಡಿ ಬಿದ್ರೆ ಸಾಮಾನ್ಯವಾಗಿ ಕಡ್ಡಿಯೇ ಆರುತ್ತೆ. (ಯಾರೂ ಪರೀಕ್ಷೆ ಮಾಡೋಕೆ ಹೋಗ್ಬೇಡಿ. ಬೇಸಿಗೇಲಿ ತಗಡಿನ ಕೆಳಗೆ ಲೆಕ್ಕ ಬೇರೆ.)

ಸೀಮೆಎಣ್ಣೆ ಸಾಧು ಅಂತ ಹೇಳ್ತಿಲ್ಲ. ಅದರಿಂದ ಸತ್ತೋರು ಲೆಕ್ಕವಿಲ್ಲದಷ್ಟು. ಅದ್ರಲ್ಲೂ ಹೆಣ್ಣುಮಕ್ಕಳು. ಎಂಬತ್ತು ತೊಂಬತ್ತರ ದಶಕದಲ್ಲಿ ಪೇಪರಲ್ಲಿ ವಾರಕ್ಕೊಂದು ಸಣ್ಣ ಸುದ್ದಿ ಇರ್ತಿತ್ತು, ಸ್ಟೌ ಸಿಡಿದು ಗೃಹಿಣಿ ಸಾವು ಅಂತ. ಬೆಂಗಳೂರಿನ ವಿಮೋಚನಾ ಸಂಘಟನೆಯ ಹೆಂಗಸರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿಗೆ ಹೋಗಿ ಕೂತು, ಒಬ್ಬೊಬ್ಬರನ್ನೂ ವಿಚಾರಿಸಿ, ಸಿಡಿದದ್ದು ಸ್ಟೌ ಅಲ್ಲ ಅಂತ ಎಷ್ಟೋ ಕೇಸಲ್ಲಿ ಬಯಲು ಮಾಡಿದ್ರು. ಎಣ್ಣೆಯ ಮೇಲೆ ಹಾಕಿದ ತಪ್ಪು ಅದು, ಮಾಡಿದ್ದು ಮನುಷ್ಯರು. ಆ ಕಥೆ ಬೇರೆಯೇ ಇದೆ, ಇಲ್ಲಿ ಇಷ್ಟು ಸಾಕು.

ಇನ್ನು ಪೆಟ್ರೋಲ್. ಸೀಮೆಎಣ್ಣೆಯ ಜೊತೆಗೇ ಹುಟ್ಟಿದ ಕೂಸು ಇದು. ಒಂದು ಕಾಲದಲ್ಲಿ ಯಾರಿಗೂ ಬೇಡವಾಗಿತ್ತು. 1860ರ ಹೊತ್ತಿಗೆ ಅಮೆರಿಕದಲ್ಲಿ ನೆಲದ ಎಣ್ಣೆ ತೆಗೆದು ಕಾಯಿಸಿ ಭಟ್ಟಿ ಇಳಿಸೋಕೆ ಶುರು ಮಾಡಿದಾಗ ಎಲ್ರಿಗೂ ಬೇಕಾಗಿದ್ದು ದೀಪದ ಎಣ್ಣೆ ಮಾತ್ರ. ಅದಕ್ಕಿಂತ ಮುಂಚೆ ಇಳಿಯೋ ತೆಳು ಎಣ್ಣೆಯನ್ನ ಹೊಳೆಗೋ ಹಳ್ಳಕ್ಕೋ ಬಿಡ್ತಿದ್ರಂತೆ. ಕಾರು ಇನ್ನೂ ಹುಟ್ಟಿರ್ಲಿಲ್ಲ, ಪೆಟ್ರೋಲ್ ಯಾರಿಗೆ ಬೇಕು? ಹಾಲಿಗೆ ನೀರು ಬೆರೆಸೋರು ಎಲ್ಲಾ ದೇಶದಲ್ಲೂ ಇರ್ತಾರೆ. ಅಲ್ಲಿನ ವ್ಯಾಪಾರಿಗಳು ಈ ಅಗ್ಗದ ತೆಳು ಎಣ್ಣೆಯನ್ನ ದೀಪದ ಎಣ್ಣೆಗೆ ಬೆರೆಸಿ ಮಾರೋಕೆ ಶುರು ಮಾಡಿದ್ರು. ಮನೆಗಳಲ್ಲಿ ದೀಪ ಸಿಡಿದು ಜನ ಸಾಯೋಕೆ ಶುರುವಾಯ್ತು. ಬಣ್ಣ ಒಂದೇ ಥರ, ಡಬ್ಬ ಒಂದೇ ಥರ, ಕೊಂಡೋರಿಗೆ ಗೊತ್ತಾಗೋದು ದೀಪ ಹಚ್ಚಿದ ಮೇಲೆ.

ಆಗ ಹುಟ್ಟಿದ ಪ್ರಶ್ನೆ, ಯಾವ ಎಣ್ಣೆ ಮನೇಲಿ ಇಡಬಹುದು, ಯಾವುದು ಇಡಬಾರದು ಅಂತ ಹೇಗೆ ಅಳೆಯೋದು? ಎಣ್ಣೆ ತಾನಾಗಿ ಉರಿಯಲ್ಲ, ಅದರಿಂದ ಏಳೋ ಆವಿ ಉರಿಯುತ್ತೆ. ಹಾಗಾಗಿ ಯಾವ ಶಾಖಕ್ಕೆ ಹೊತ್ತಿಕೊಳ್ಳುವಷ್ಟು ಆವಿ ಏಳುತ್ತೆ ಅಂತ ನೋಡ್ಬೇಕು. ಇದಕ್ಕೆ ಫ್ಲಾಶ್ ಪಾಯಿಂಟ್ ಅಂತಾರೆ. ಇಂಗ್ಲೆಂಡಲ್ಲಿ ಮೊದಲು ತೆರೆದ ಬಟ್ಟಲಲ್ಲಿ ಅಳೆದ್ರು. ಗಾಳಿ ಬೀಸಿದ್ರೆ ಆವಿ ಹಾರಿಹೋಗಿ ಸುಳ್ಳು ಲೆಕ್ಕ ಬರ್ತಿತ್ತು. ಫ್ರೆಡರಿಕ್ ಏಬಲ್ ಅನ್ನೋ ರಸಾಯನ ಶಾಸ್ತ್ರಜ್ಞ ಮುಚ್ಚಿದ ಬಟ್ಟಲಿನ ಉಪಕರಣ ಮಾಡಿದ, 1879ರಲ್ಲಿ ಅಲ್ಲಿನ ಕಾನೂನು ಅದನ್ನ ಒಪ್ಪಿಕೊಳ್ತು. ಅದೇ ಏಬಲ್ ಬಟ್ಟಲು ಇಂಡಿಯಾಕ್ಕೂ ಬಂತು. ಇವತ್ತಿಗೂ ನಮ್ಮ ದೇಶದಲ್ಲಿ ಸೀಮೆಎಣ್ಣೆ ಪರೀಕ್ಷೆ ಮಾಡೋದು ಅವನ ಹೆಸರಿನ ಉಪಕರಣದಲ್ಲೇ.

ಆ ಲೆಕ್ಕದಲ್ಲಿ ಸೀಮೆಎಣ್ಣೆ ಕನಿಷ್ಠ 35 ಡಿಗ್ರಿ ಇರ್ಬೇಕು. ಬೆಂಗಳೂರಿನ ಹವಾದಲ್ಲಿ ವರ್ಷದ ಹೆಚ್ಚಿನ ದಿನ ಅದು ಸುಮ್ನೆ ಮಲಗಿರುತ್ತೆ. ಪೆಟ್ರೋಲ್‌ದು ಎಷ್ಟು ಗೊತ್ತಾ? ಸೊನ್ನೆಗಿಂತ ಕೆಳಗೆ, ಸುಮಾರು ಮೈನಸ್ 40. ಅಂದ್ರೆ ಹಿಮಾಲಯದ ಮೇಲೆ ಇಟ್ರೂ ಅದು ಎಚ್ಚರವಾಗೇ ಇರುತ್ತೆ. ನಮ್ಮ ಡಿಸೆಂಬರ್ ಚಳಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ನಾವು ಸೀಮೆಎಣ್ಣೇಲಿ ಕಲಿತ ಒಂದು ಪಾಠವೂ ಪೆಟ್ರೋಲ್‌ಗೆ ನಡೆಯಲ್ಲ ಅನ್ನೋದಕ್ಕೆ ಈ ಎರಡು ಅಂಕಿಗಳೇ ಕಾರಣ.

ಇನ್ನೊಂದು ಲೆಕ್ಕ ಹೇಳ್ತೀನಿ, ಇದು ನನಗೇ ದಿಗಿಲು ಹುಟ್ಟಿಸಿದ್ದು. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದ್ರೆ ಹೆಚ್ಚೂಕಡಿಮೆ 180 ಲೀಟರ್ ಆವಿ. ನೂರು ಪಾಲು ಗಾಳಿಯಲ್ಲಿ ಆ ಆವಿ ಒಂದೂವರೆ ಪಾಲಿಗೂ ತುಸು ಕಮ್ಮಿ ಸೇರಿದ್ರೆ ಸಾಕು, ಕಿಡಿ ಬಿದ್ರೆ ಇಡೀ ಗಾಳಿಯೇ ಹೊತ್ತಿಕೊಳ್ಳುತ್ತೆ. ಗುಣಿಸಿ ನೋಡಿ. ಎಂಟಡಿಗೆ ಎಂಟಡಿ, ಏಳಡಿ ಸೂರಿನ ನಮ್ಮ ಮೋಟಾರ್ ಮನೆ ಒಂದು ಲೀಟರ್‌ಗೆ ಸರಿಹೋಗುತ್ತೆ. ಒಳಗೆ ಸ್ಟಾರ್ಟರ್ ಡಬ್ಬಿ ಇರುತ್ತೆ. ಅದ್ರ ಬಟನ್ ಒತ್ತಿದಾಗೆಲ್ಲ ಒಳಗೆ ಕಿಡಿ ಹಾರೋದು ಎಲ್ರೂ ನೋಡಿರ್ತೀರಿ. ಪೆಟ್ರೋಲ್ ಕ್ಯಾನ್ ಇಡೋಕೆ ನಮ್ಮವರಿಗೆ ಸಿಗೋ ಜಾಗವೂ ಅದೇ ಮೋಟಾರ್ ಮನೆ, ಬೀಗ ಇರುತ್ತಲ್ಲ ಅಂತ.

ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಮೇಲೆ ಹೋಗಲ್ಲ, ನೀರಿನ ಹಾಗೆ ನೆಲದ ಮೇಲೆ ಹರಿದು ತಗ್ಗು ಹುಡುಕುತ್ತೆ. ಕಾಲುವೆ, ಚರಂಡಿ, ಗುಂಡಿ ಎಲ್ಲಿ ಸಿಕ್ರೆ ಅಲ್ಲಿ ನಿಲ್ಲುತ್ತೆ. 2009ರ ಅಕ್ಟೋಬರ್ 29ರ ಸಂಜೆ ಜೈಪುರದ ಸೀತಾಪುರದಲ್ಲಿ ಇಂಡಿಯನ್ ಆಯಿಲ್ ಡಿಪೋದಲ್ಲಿ ಆಗಿದ್ದು ಇದೇ. ಟ್ಯಾಂಕಿನ ವಾಲ್ವ್ ಹತ್ರ ಪೆಟ್ರೋಲ್ ಚಿಮ್ಮಿತು, ಒಂದು ಗಂಟೆಗೂ ಮೇಲೆ ಸುರೀತು. ಗಾಳಿ ಇಲ್ಲದ ಸಂಜೆ. ಆವಿ ಮಂಜಿನ ಹಾಗೆ ಡಿಪೋ ತುಂಬಾ ಹಬ್ಬಿ, ಎಲ್ಲೋ ಒಂದು ಕಿಡಿ ಸಿಕ್ಕಿ ಹೊತ್ತಿಕೊಳ್ತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಟ್ಯಾಂಕುಗಳು ಒಂದು ವಾರಕ್ಕೂ ಹೆಚ್ಚು ಉರಿದವು. ಆರಿಸೋಕಾಗದೆ ತಾನಾಗಿ ಉರಿದು ಮುಗೀಲಿ ಅಂತ ಬಿಟ್ಟರು. ಬೆಂಗಳೂರಿಗೆ ಬರೋ ಪೆಟ್ರೋಲ್ ಡೀಸೆಲ್ಲೂ ಇಂಥ ಡಿಪೋಗೇ ಬರೋದು. ಮಂಗಳೂರಿಂದ ಹಾಸನದ ಮೇಲೆ 360 ಕಿಲೋಮೀಟರ್ ಪೈಪಿನಲ್ಲಿ ಹರಿದು ಹೊಸಕೋಟೆ ಕಡೆಯ ದೇವನಗೊಂದಿಗೆ. ಅಲ್ಲಿ ಅಳತೆ ಇದೆ, ಕಾವಲಿದೆ, ನೊರೆ ಹಾಕೋ ಯಂತ್ರ ಇದೆ. ಮೋಟಾರ್ ಮನೇಲಿ ಏನಿದೆ?

ಈಗ ಬಾಟಲಿ ಪ್ರಶ್ನೆಗೆ ಬರ್ತೀನಿ. ನಮ್ಮ ದೇಶದ ಪೆಟ್ರೋಲಿಯಂ ಕಾಯ್ದೆ 1934ರದ್ದು. ಅದಕ್ಕಿಂತ ಹಿಂದೆ 1899ರದ್ದು ಒಂದಿತ್ತು. ತಿದ್ದುಪಡಿಗಳಾಗಿ ಈಗ ಎಣ್ಣೆಗಳನ್ನ ಏಬಲ್ ಲೆಕ್ಕದಲ್ಲೇ ಮೂರು ವರ್ಗ ಮಾಡಿದ್ದಾರೆ. 23 ಡಿಗ್ರಿಗಿಂತ ಕೆಳಗೆ ಹೊತ್ತಿಕೊಳ್ಳೋದು ಎ ವರ್ಗ, ಅದು ಪೆಟ್ರೋಲ್. 23ರಿಂದ 65ರೊಳಗೆ ಬಿ, ಅದ್ರಲ್ಲಿ ಸೀಮೆಎಣ್ಣೆ, ಡೀಸೆಲ್. ಅದಕ್ಕೂ ಮೇಲೆ 93ರವರೆಗೆ ಸಿ. ಬಿ ವರ್ಗದ್ದನ್ನ ಲೈಸೆನ್ಸ್ ಇಲ್ಲದೆ ಒಂದು ಜಾಗದಲ್ಲಿ 2,500 ಲೀಟರ್ ತನಕ ಇಡಬಹುದು. ಎ ವರ್ಗದ್ದು? ಮಾರಾಟಕ್ಕಲ್ಲದೆ ಸ್ವಂತಕ್ಕೆ ಅಂತಾದ್ರೆ 30 ಲೀಟರ್. 2,500 ಎಲ್ಲಿ, 30 ಎಲ್ಲಿ! ಕಾನೂನಿನ ಕಣ್ಣಿಗೆ ಈ ಎರಡೂ ಒಂದೇ ಜಾತಿಯ ಎಣ್ಣೆ ಅಲ್ಲವೇ ಅಲ್ಲ. ನಮ್ಮ ಕೈಗೆ ಮಾತ್ರ ಎರಡೂ ಒಂದೇ.

ಆ 30 ಲೀಟರನ್ನಾದ್ರೂ ಯಾವುದರಲ್ಲಿ ಇಡ್ಬೇಕು ಅಂತ ಕಾಯ್ದೇಲಿ ಬರೆದಿದೆ. ಬಿಗಿಯಾಗಿ ಬಿರಡೆ ಹಾಕಿದ ಗಾಜು, ಪಿಂಗಾಣಿ ಜಾಡಿ, ಇಲ್ಲಾ ಲೋಹದ ಡಬ್ಬ. ಗಾಜು ಜಾಡಿಯಾದ್ರೆ ಒಂದು ಲೀಟರ್ ಮೀರಬಾರದು, ಲೋಹವಾದ್ರೆ 25 ಲೀಟರ್ ಮೀರಬಾರದು. ಉಪ್ಪಿನಕಾಯಿ ಜಾಡೀಲಿ ಪೆಟ್ರೋಲ್ ಇಡಬಹುದು ಅಂತ ಓದಿ ನನಗೂ ನಗು ಬಂತು. ಆದ್ರೆ ಗಮನಿಸಿ, ಆ ಕಲಮಿನಲ್ಲಿ ಪ್ಲಾಸ್ಟಿಕ್ ಅನ್ನೋ ಮಾತೇ ಇಲ್ಲ. ಯಾಕಂದ್ರೆ 1934ರಲ್ಲಿ ನೀರಿನ ಬಾಟಲಿ ಹುಟ್ಟಿರ್ಲಿಲ್ಲ. ಬಿಸಿಲಿಗೆ ಉಬ್ಬೋ, ಮುಚ್ಚಳ ಸಡಿಲಾಗೋ, ಒಳಗೇನಿದೆ ಅಂತ ಮೊಮ್ಮಗುವಿಗೆ ಗೊತ್ತಾಗದ ಆ ಬಾಟಲಿಗೆ ಹಾಕಲ್ಲ ಅಂತ ಬಂಕಿನ ಹುಡುಗ ಹೇಳಿದ್ರೆ ಅವನ ಹಿಂದೆ ಇಷ್ಟು ಹಳೇ ಕಾನೂನು ನಿಂತಿದೆ. ಅವನ ಸಂಬಳವೂ ಹೋಗುತ್ತೆ, ಬಂಕಿನ ಲೈಸೆನ್ಸೂ ಹೋಗುತ್ತೆ. ರೈತರಿಗೆ ಸರಿಯಾದ ಲೋಹದ ಕ್ಯಾನು ಸಹಕಾರ ಸಂಘದಲ್ಲಿ ಸಿಗೋ ಹಾಗೆ ಮಾಡಿ ಅಂತ ಕೇಳೋದಾದ್ರೆ ನಾನೂ ಬರ್ತೀನಿ. ಬ್ಯಾಟರಿ ಸ್ಪ್ರೇಯರ್‌ಗೆ ಸಬ್ಸಿಡಿ ಕೊಡೋರು ಒಂದು ಕ್ಯಾನಿಗೆ ಕೊಡೋಕಾಗಲ್ವಾ?

ನಮ್ಮ ಜಮೀನಿಗೆ ಪೆಟ್ರೋಲ್ ಬಂದದ್ದು ಯಾವಾಗ ಅಂತ ಯೋಚನೆ ಮಾಡಿದ್ರೆ, ಎಂಬತ್ತರ ದಶಕದ ಕೊನೇಲಿ. ವೃಷಭಾವತಿ ಪಕ್ಕದ ತೋಟದವರು ಹೊಳೆಯಿಂದ ನೀರೆತ್ತೋಕೆ ಕೈಯಲ್ಲಿ ಹೊತ್ಕೊಂಡು ಹೋಗೋ ಸಣ್ಣ ಪಂಪ್‌ಸೆಟ್ ತಂದ್ರು. ಪೆಟ್ರೋಲ್‌ನಲ್ಲಿ ಸ್ಟಾರ್ಟ್, ಸೀಮೆಎಣ್ಣೇಲಿ ಓಟ. ಟ್ಯಾಂಕು ಎರಡು ಭಾಗ, ಚಿಕ್ಕದಕ್ಕೆ ಪೆಟ್ರೋಲ್, ದೊಡ್ಡದಕ್ಕೆ ಸೀಮೆಎಣ್ಣೆ. ಇಂಜಿನ್ ಕಾದ ಮೇಲೆ ಕಾಕ್ ತಿರುಗಿಸ್ಬೇಕು, ನಿಲ್ಲಿಸೋಕೆ ಮುಂಚೆ ಮತ್ತೆ ಪೆಟ್ರೋಲ್‌ಗೆ ತಿರುಗಿಸ್ಬೇಕು, ಇಲ್ದಿದ್ರೆ ನಾಳೆ ಸ್ಟಾರ್ಟ್ ಆಗಲ್ಲ. ತಣ್ಣಗಿರೋ ಇಂಜಿನ್ನಿಗೆ ಸೀಮೆಎಣ್ಣೆ ಕೊಟ್ರೆ ಎಷ್ಟು ಹಗ್ಗ ಎಳೆದ್ರೂ ಹತ್ತಲ್ಲ, ಪೆಟ್ರೋಲ್ ಕೊಟ್ರೆ ಎರಡೇ ಎಳೆತ. ಎರಡು ಎಣ್ಣೆಗೂ ಇರೋ ವ್ಯತ್ಯಾಸವನ್ನ ಆ ಮೆಷಿನ್ನೇ ದಿನಾ ತೋರಿಸ್ತಿತ್ತು, ನಾವು ನೋಡ್ತಿರ್ಲಿಲ್ಲ. ಎರಡೂ ಡಬ್ಬ ಪಕ್ಕಪಕ್ಕ ಇರ್ತಿದ್ವು. ಆ ಮೇಲೆ ರೇಷನ್ ಸೀಮೆಎಣ್ಣೆ ಕಡಿಮೆಯಾಗ್ತಾ ಬಂದು ನಮ್ಮ ಕಡೆ ನಿಂತೇಹೋಯ್ತು. ಗ್ಯಾಸ್ ಬಂತು, ಕರೆಂಟು ಸುಧಾರಿಸ್ತು. ಒಳ್ಳೇದೇ ಆಯ್ತು. ಆದ್ರೆ ಅದೇ ಹೊತ್ತಿಗೆ ಕಳೆ ಮೆಷಿನ್, ಔಷಧಿ ಹೊಡೆಯೋ ಪವರ್ ಸ್ಪ್ರೇಯರ್, ಮರ ಕುಯ್ಯೋ ಚೈನ್ ಸಾ ಬಂದ್ವು. ಎಲ್ಲಕ್ಕೂ ಪೆಟ್ರೋಲೇ. ಮನೆಯಿಂದ ಸಾಧು ಎಣ್ಣೆ ಹೋಯ್ತು, ಅದರ ಜಾಗಕ್ಕೆ ಮೂರ್ಕ ಎಣ್ಣೆ ಬಂತು. ಡಬ್ಬ ಇಡೋ ಮೂಲೆ ಮಾತ್ರ ಬದಲಾಗ್ಲಿಲ್ಲ.

ಈಗ ಆ ಪೆಟ್ರೋಲ್‌ನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. 2023ರ ಫೆಬ್ರವರಿಯಲ್ಲಿ ಪ್ರಧಾನಿಗಳು ಇ-20ಯನ್ನ ಬಿಡುಗಡೆ ಮಾಡಿದ್ದು ನಮ್ಮ ಬೆಂಗಳೂರಲ್ಲೇ. ಕಬ್ಬು, ಮೆಕ್ಕೆಜೋಳ ಬೆಳೆಯೋರಿಗೆ ಅನುಕೂಲ, ಬೇಡ ಅನ್ನಲ್ಲ. ಆದ್ರೆ ಹಳೇ ಮೆಷಿನ್ನಿನ ರಬ್ಬರ್ ಪೈಪಿಗೆ ಎಥನಾಲ್ ಒಗ್ಗಲ್ಲ, ಮೆತ್ತಗಾಗಿ ಬಿರುಕು ಬಿಟ್ಟು ಸೋರುತ್ತೆ. ಸೋರಿದ್ದು ಬೀಳೋದು ಕೆಂಡದ ಹಾಗೆ ಕಾದಿರೋ ಸೈಲೆನ್ಸರ್ ಪಕ್ಕ. ಹಳೇ ಮೆಷಿನ್ ಇರೋರು ಆ ಪೈಪ್ ಒಂದ್ಸಲ ಬೆರಳಲ್ಲಿ ಒತ್ತಿ ನೋಡಿ.

ಊರಿನ ಪೂರ್ವಕ್ಕೆ ಪಟ್ಟಣದ ಕಡೆ ಹೋದ್ರೆ ಇದೇ ಕಥೆ ಕಾರ್ಖಾನೆಗಳಲ್ಲಿ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಎದ್ದ ರಾಜಾಜಿನಗರ, ಅದರ ಇಂಡಸ್ಟ್ರಿಯಲ್ ಎಸ್ಟೇಟ್, ಆಮೇಲೆ ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ ಉದ್ದಕ್ಕೂ ಲೇತ್ ಅಂಗಡಿಗಳು. ನಮ್ಮ ಚಿಕ್ಕಪ್ಪ ಮೂವತ್ತು ವರ್ಷ ಅಲ್ಲೊಂದು ಶಾಪಲ್ಲಿ ದುಡಿದ್ರು. ಗ್ರೀಸು ಮೆತ್ತಿದ ಪಾರ್ಟುಗಳನ್ನ ಟ್ರೇನಲ್ಲಿ ಸೀಮೆಎಣ್ಣೆ ಸುರಿದು ಬ್ರಷ್ಷಲ್ಲಿ ತೊಳೆಯೋದು ಹೊಸ ಹುಡುಗರ ಕೆಲಸ. ಸೀಮೆಎಣ್ಣೆ ಸಿಗದೇ ಹೋದಾಗ ಅದೇ ಟ್ರೇಗೆ ಪೆಟ್ರೋಲ್, ಥಿನ್ನರ್. ಬೇಗ ಒಣಗುತ್ತೆ, ಒಳ್ಳೇದು ಅಂತ ಹುಡುಗರಿಗೆ ಖುಷಿ. ಬೇಗ ಒಣಗೋದು ಅಂದ್ರೆ ಬೇಗ ಆವಿಯಾಗೋದು ಅಂತ ಯಾರು ಹೇಳ್ಬೇಕು? ಖಾಲಿ ಡ್ರಮ್ಮಿನ ವಿಷಯವೂ ಅಷ್ಟೇ. ನಾವು ಗುಜರಿಯಲ್ಲಿ ಡ್ರಮ್ ತಂದು ದನದ ಮುಸುರೆಗೆ ಅಂತ ಗ್ಯಾಸ್ ಕಟಿಂಗ್ ಮಾಡಿಸ್ತೀವಿ. ತುಂಬಿದ ಡ್ರಮ್ಮಿಗಿಂತ ಖಾಲಿ ಡ್ರಮ್ ಅಪಾಯ. ತುಂಬಿದ್ರೆ ಒಳಗೆ ಗಾಳಿಗೆ ಜಾಗ ಇಲ್ಲ. ಖಾಲಿಯಾದ್ರೆ ತಳದಲ್ಲಿ ಉಳಿದ ಒಂದು ಲೋಟ, ಸುತ್ತ ಗಾಳಿ, ಮೇಲೆ ಕಟಿಂಗ್ ಜ್ವಾಲೆ. ಆಮೇಲೆ ಅದು ಡ್ರಮ್ ಅಲ್ಲ, ಬಾಂಬು.

2016ರ ಸೆಪ್ಟೆಂಬರ್ 12 ನಮ್ಮ ಕಡೆಯವರಿಗೆ ಮರೆಯೋ ದಿನ ಅಲ್ಲ. ಕಾವೇರಿ ನೀರಿನ ಸುಪ್ರೀಂ ಕೋರ್ಟ್ ಆದೇಶದ ಗಲಾಟೆ. ನಾಯಂಡಹಳ್ಳಿ ಹತ್ರ ಡಿಸೋಜಾ ನಗರದ ಡಿಪೋದಲ್ಲಿ ನಿಲ್ಲಿಸಿದ್ದ ತಮಿಳುನಾಡು ಮೂಲದ ಖಾಸಗಿ ಕಂಪನಿಯ 40ಕ್ಕೂ ಹೆಚ್ಚು ಬಸ್ಸು ಒಂದೇ ಮಧ್ಯಾಹ್ನ ಸುಟ್ಟು ಅಸ್ಥಿಪಂಜರ ಆದವು. ನಮ್ಮ ಹೊಲದಿಂದ ನೋಡಿದ್ರೂ ಕಪ್ಪು ಹೊಗೆ. ರಾಜಾಜಿನಗರ, ವಿಜಯನಗರ, ಕೆಂಗೇರಿ ಸೇರಿ 16 ಠಾಣೆ ವ್ಯಾಪ್ತೀಲಿ ಕರ್ಫ್ಯೂ ಹಾಕಿದ್ರು, ಎರಡು ದಿನ ನಮ್ಮ ಸೊಪ್ಪು ಮಾರ್ಕೆಟ್ಟಿಗೆ ಹೋಗ್ದೆ ಬಾಡಿತು. ನೀರಿನ ಹಕ್ಕಿನ ಬಗ್ಗೆ ನನಗೂ ಸಿಟ್ಟಿದೆ, ರೈತ ನಾನು. ಆದ್ರೆ ಒಂದು ಬಸ್ಸಿಂದ ಪಕ್ಕದ ಬಸ್ಸಿಗೆ ಉರಿ ಹಾರೋಕೆ ಆಮೇಲೆ ಯಾರೂ ಬೇಕಿರ್ಲಿಲ್ಲ. ಒತ್ತೊತ್ತಾಗಿ ನಿಂತ ಬಸ್ಸು, ಸೀಟಿನ ಸ್ಪಂಜು, ಟೈರು, ಅಡಿಯಲ್ಲಿ ಡೀಸೆಲ್ ಟ್ಯಾಂಕು. ಡೀಸೆಲ್ ತಣ್ಣಗಿದ್ದಾಗ ಸಾಧು, ಕಾದ್ರೆ ಅದೂ ಅಷ್ಟೇ.

ಬೈಕಿನ ಟ್ಯಾಂಕಿನಷ್ಟು ಪೆಟ್ರೋಲ್ ಏನು ಮಾಡುತ್ತೆ ಅಂತ 2025ರ ಅಕ್ಟೋಬರ್ 24ರ ಬೆಳಗಿನ ಜಾವ ಕರ್ನೂಲು ಹತ್ರ ನೋಡಿದ್ವಿ. ಹೈದರಾಬಾದಿಂದ ಬೆಂಗಳೂರಿಗೆ ಬರ್ತಿದ್ದ ಬಸ್ಸು ರಸ್ತೇಲಿ ಬಿದ್ದಿದ್ದ ಬೈಕಿನ ಮೇಲೆ ಹರಿದು, ಅದನ್ನ ಅಡಿಯಲ್ಲಿ ಎಳ್ಕೊಂಡು ಹೋಯ್ತು. ಟ್ಯಾಂಕಿನ ಪೆಟ್ರೋಲ್ ಚೆಲ್ಲಿ, ಕಬ್ಬಿಣ ರಸ್ತೆಗೆ ಉಜ್ಜಿದ ಕಿಡಿಗೆ ಹೊತ್ತಿಕೊಳ್ತು. ಬಸ್ಸಿನೊಳಗೆ 19 ಜನ ಸುಟ್ಟು ಸತ್ತರು. ಬೈಕಿನವ ಅದಕ್ಕೂ ಮುಂಚೆಯೇ ಸತ್ತಿದ್ದ. ಒಂದು ಬೈಕಿನ ಟ್ಯಾಂಕು, ಅಷ್ಟೇ.

ಪೆಟ್ರೋಲೇ ಬಿಟ್ಟು ಬ್ಯಾಟರಿ ಗಾಡಿಗೆ ಹೋದ್ರೆ ಬೆಂಕಿ ಭಯ ಇಲ್ಲ ಅನ್ನೋರಿಗೆ ಒಂದೇ ಮಾತು. 2024ರ ನವೆಂಬರ್ 19ರಂದು ರಾಜಾಜಿನಗರದ ಡಾ. ರಾಜ್‌ಕುಮಾರ್ ರಸ್ತೆಯ ಎಲೆಕ್ಟ್ರಿಕ್ ಸ್ಕೂಟರ್ ಅಂಗಡೀಲಿ ಬೆಂಕಿ ಬಿದ್ದು ಅಲ್ಲಿ ಕೆಲಸಕ್ಕಿದ್ದ 20 ವರ್ಷದ ಹುಡುಗಿ ಸತ್ತುಹೋದ್ಳು. ಅದರ ಪಾಠ ಬೇರೆ, ಬೇರೆಯಾಗೇ ಬರೀಬೇಕು.

ಇಷ್ಟು ಹೊತ್ತು ಹೇಳಿದ್ದು ಲೀಟರ್ ಲೆಕ್ಕ. ಈಗ ಡ್ರಮ್ ಲೆಕ್ಕ, ಇದನ್ನ ಬರೆಯೋಕೇ ಕೂತದ್ದು ನಾನು.

2020ರ ನವೆಂಬರ್ 10, ಮೈಸೂರು ರಸ್ತೆ ಬಾಪೂಜಿನಗರದ ಹೊಸಗುಡ್ಡದಹಳ್ಳಿ. ಮನೆಗಳ ಮಧ್ಯೆ ಇದ್ದ ಕೆಮಿಕಲ್ ಗೋಡೌನಿಗೆ ಬೆಂಕಿ. ಕೊರೋನಾ ಕಾಲ, ಸ್ಯಾನಿಟೈಸರ್‌ಗೆ ಬೇಕಾದ ಸ್ಪಿರಿಟ್ಟು, ಥಿನ್ನರ್ ಜಾತಿಯ ಬ್ಯಾರಲ್‌ಗಳು ಒಂದಾದ ಮೇಲೊಂದು ಸಿಡಿದವು. ಪಕ್ಕದ ಮನೆಯವರನ್ನೆಲ್ಲ ಖಾಲಿ ಮಾಡಿಸಿದ್ರು. ಅದೃಷ್ಟಕ್ಕೆ ಜೀವ ಹೋಗ್ಲಿಲ್ಲ. ಅಂಥ ಗೋಡೌನುಗಳು ಆ ಮೇಲೆ ಎಲ್ಲಿ ಹೋದ್ವು? ಪಟ್ಟಣದೊಳಗೆ ತಪಾಸಣೆ ಜಾಸ್ತಿಯಾಯ್ತು. ಬಾಡಿಗೆ ಕಡಿಮೆ ಇರೋ, ಯಾರೂ ಕೇಳದ ಕಡೆಗೆ ಬಂದ್ವು. ಅಂದ್ರೆ ನಮ್ಮ ಕಡೆಗೆ. ರಾಮಸಂದ್ರ, ಸೂಲಿಕೆರೆ, ಕೊಮ್ಮಘಟ್ಟ, ಕುಂಬಳಗೋಡು. ಲೇಔಟಿಗೆ ಹೋಗಿ ಉಳಿದ ಹತ್ತು ಇಪ್ಪತ್ತು ಗುಂಟೇಲಿ ರಾಗಿ ಹಾಕಿದ್ರೆ ಕೂಲಿಯೂ ಹುಟ್ಟಲ್ಲ. ತಗಡಿನ ಶೆಡ್ ಹಾಕಿ ಬಾಡಿಗೆಗೆ ಬಿಟ್ರೆ ತಿಂಗಳಿಗೆ ಮಗಳ ಕಾಲೇಜು ಫೀಸು ಹುಟ್ಟುತ್ತೆ. ನಮ್ಮೋರನ್ನ ದೂರಲ್ಲ ನಾನು. ಅರ್ಧ ಊರು ಹಾಗೇ ಬದುಕ್ತಿದೆ.

2024ರ ಫೆಬ್ರವರಿ 18, ಭಾನುವಾರ ಸಂಜೆ. ರಾಮಸಂದ್ರದಲ್ಲಿ ಅಂಥದ್ದೇ ಒಂದು ಶೆಡ್ಡು, ಒಳಗೆ ಪರ್‌ಫ್ಯೂಮ್ ಗೋಡೌನು. ಬಾಡಿ ಸ್ಪ್ರೇ ಅಂದ್ರೆ ಆಲ್ಕೋಹಾಲು, ಅದನ್ನ ಚಿಮ್ಮಿಸೋಕೆ ಸಾಮಾನ್ಯವಾಗಿ ಅಡುಗೆ ಗ್ಯಾಸಿನ ಜಾತಿಯದ್ದೇ ಗ್ಯಾಸು. ಡಬ್ಬಿ ಚಿಕ್ಕದು, ವಾಸನೆ ಚೆನ್ನಾಗಿರುತ್ತೆ, ಇದಕ್ಕೆ ಬೆಂಕಿ ಬೀಳುತ್ತೆ ಅಂತ ಯಾರಿಗೂ ಅನ್ಸಲ್ಲ. ಮೂವರು ಅಲ್ಲೇ ಸುಟ್ಟು ಹೋದ್ರು, ಇನ್ನೂ ಕೆಲವರನ್ನ ಆಸ್ಪತ್ರೆಗೆ ಹೊತ್ಕೊಂಡು ಹೋದ್ರು. ಕೂಲಿಗೆ ಬಂದೋರು. ಪೇಪರಲ್ಲಿ ಎರಡು ದಿನ ಬಂತು. ಮೂರನೇ ದಿನ ನಮ್ಮೂರ ಅಂಗಡಿ ಕಟ್ಟೆ ಮೇಲೆ ಮಾತು ಬಾಡಿಗೆ ರೇಟು ಇಳಿಯುತ್ತಾ ಏರುತ್ತಾ ಅನ್ನೋದಕ್ಕೆ ತಿರುಗಿತ್ತು.

ಬಾಡಿಗೆ ಕರಾರಲ್ಲಿ ಸಾಮಾನು ದಾಸ್ತಾನು ಅಂತ ಒಂದೇ ಪದ ಬರೆದಿರ್ತಾರೆ. ಯಾವ ಸಾಮಾನು ಅಂತ ಬರೆಸಿ. ಡ್ರಮ್ಮಿನ ಮೇಲೆ ಕೆಂಪು ಚೌಕದಲ್ಲಿ ಜ್ವಾಲೆಯ ಗುರುತು ಇದ್ರೆ ಅದು ಬೆಂಕಿ ಎಣ್ಣೆ, ಓದೋಕೆ ಬರ್ದೋರಿಗೂ ಗೊತ್ತಾಗೋ ಗುರುತು. ಶೆಡ್ಡಿನ ಬಾಗಿಲು ಒಂದೇ ಇದ್ರೆ ಹಿಂದೆ ಇನ್ನೊಂದು ಬಿಡಿಸಿ. ರಾತ್ರಿ ಒಳಗೆ ಬೀಗ ಹಾಕಿ ಹುಡುಗರನ್ನ ಮಲಗಿಸೋದಕ್ಕೆ ಒಪ್ಪಬೇಡಿ.

ನಮ್ಮ ಮನೆ ಲೆಕ್ಕ ಕೇಳಿದ್ರೆ, 5 ಲೀಟರಿನ ಲೋಹದ ಕ್ಯಾನ್ ಒಂದು. ಬಂಕಲ್ಲಿ ಗಾಡಿ ಮೇಲೆ ಇಟ್ಕೊಂಡು ತುಂಬಿಸಲ್ಲ, ನೆಲಕ್ಕಿಟ್ಟು, ನಾಜಲ್ ಕ್ಯಾನಿನ ಬಾಯಿಗೆ ತಾಗಿಸಿ ತುಂಬಿಸ್ತೀವಿ, ಇಲ್ದಿದ್ರೆ ಮೈಯ ಕರೆಂಟೇ ಕಿಡಿ ಆಗುತ್ತೆ. ಬಾಯಿತನಕ ತುಂಬಿಸಲ್ಲ, ಪೆಟ್ರೋಲ್ ಬಿಸಿಲಿಗೆ ಉಬ್ಬುತ್ತೆ, 20 ಡಿಗ್ರಿ ಏರಿದ್ರೆ 5 ಲೀಟರ್‌ಗೆ ಹತ್ತಿರತ್ತಿರ 100 ಮಿಲಿ. ಇಡೋದು ಮನೆಗೂ ಕೊಟ್ಟಿಗೆಗೂ ಮೋಟಾರ್ ಮನೆಗೂ ದೂರ, ಹುಣಸೆ ಮರದ ನೆರಳಲ್ಲಿ, ತಳದಲ್ಲೂ ಗಾಳಿಯಾಡೋ ಜಾಲರಿ ಗೂಡಲ್ಲಿ. ಮೆಷಿನ್ ನಿಲ್ಲಿಸಿ ಒಂದು ಬೀಡಿ ಹೊತ್ತು ಆರೋಕೆ ಬಿಟ್ಟೇ ತುಂಬಿಸೋದು. ಬೀಡಿ ಹೊತ್ತು ಅಂದೆ ಅಷ್ಟೇ, ಬೀಡಿ ಸೇದ್ಬೇಡಿ. ಹೊತ್ತಿಕೊಂಡ್ರೆ ನೀರು ಎರಚಬಾರದು, ಪೆಟ್ರೋಲ್ ನೀರಿನ ಮೇಲೆ ತೇಲಿ ಉರಿ ಇನ್ನೂ ಹರಡುತ್ತೆ. ಸಣ್ಣದಾದ್ರೆ ಮರಳು, ಒದ್ದೆ ಗೋಣಿತಾಟು. ದೊಡ್ಡದಾದ್ರೆ ಓಡಿ, 112ಕ್ಕೆ ಫೋನು ಮಾಡಿ.

ನಮ್ಮ ಬದುವಿನ ಆಚೆಗಿರೋ ಜಮೀನಿನವರು ನನಗೆ ವರಸೇಲಿ ಅಣ್ಣ ಆಗ್ಬೇಕು. ಅವರ ಶೆಡ್ಡು ನಮ್ಮ ಅವರೆ ಸಾಲಿಗೆ ಮೂವತ್ತಡಿ. ಹೋದ ತಿಂಗಳು ಇಬ್ರೂ ಹೋಗಿ ಬಾಗಿಲು ತೆಗೆಸಿ ನೋಡಿದ್ವಿ. ಒಂದು ಗೋಡೆ ಉದ್ದಕ್ಕೂ ನೀಲಿ ಡ್ರಮ್ಮು, ಜ್ವಾಲೆ ಗುರುತು ಇದೆ. ಬಾಡಿಗೆಯವರು ಪೇಂಟಿನ ಥಿನ್ನರ್ ಅಂದ್ರು, ಲೈಸೆನ್ಸು ಮಾಡಿಸ್ತಿದ್ದೀವಿ ಅಂದ್ರು. ಖಾಲಿ ಮಾಡಿ ಅಂದ್ರೆ, ಅಡ್ವಾನ್ಸ್ ಎರಡು ಲಕ್ಷ ವಾಪಸ್ ಕೊಡಿ, ನಾಳೆನೇ ಹೋಗ್ತೀವಿ ಅಂದ್ರು. ಆ ಎರಡು ಲಕ್ಷ ಅಣ್ಣನ ಮಗಳ ಮದುವೇಲಿ ಖರ್ಚಾಗಿದೆ. ಅಗ್ನಿಶಾಮಕದವರಿಗೆ ಅರ್ಜಿ ಕೊಡೋಣ ಅಂತ ನಾನು, ಕೊಟ್ರೆ ಶೆಡ್ಡಿಗೇ ಬೀಗ ಬೀಳುತ್ತೆ ಅಂತ ಅಣ್ಣ. ಸಂಘದಲ್ಲಿ ಸಾಲ ಕೇಳಿದ್ದಾರೆ, ಅರ್ಧ ನಾನು ಹೊಂದಿಸ್ತೀನಿ ಅಂತ ಹೇಳಿದೀನಿ. ಯುಗಾದಿ ಒಳಗೆ ದುಡ್ಡು ಸಿಗ್ಲಿ, ಸಿಗದಿರ್ಲಿ, ಅರ್ಜಿ ನಾನು ಕೊಡೋದೇ. ಅದನ್ನ ಅಣ್ಣನಿಗೂ ಮುಖಕ್ಕೇ ಹೇಳಿದೀನಿ, ಮೂರು ದಿನ ಮಾತಾಡ್ಲಿಲ್ಲ. ನಿನ್ನೆ ಬಂದು ಹುಣಸೆ ಮರದ ಹತ್ರ ನಿಂತು, ಆ ಗೂಡು ಮಾಡಿಸೋಕೆ ಎಷ್ಟಾಯ್ತು ಅಂತ ಕೇಳಿದ್ರು.